ಹನೋಯಿಯಿಂದ ಸೈಗಾನ್‌ಗೆ: ರೈಲು, ಬಸ್ಸುಗಳಲ್ಲಿ 16 ದಿನದ ವಿಯೆಟ್ನಾಂ

ವಿಯೆಟ್ನಾಂಗೆ ಹೋಗುವ ನಮ್ಮವರು ಹೆಚ್ಚಾಗಿ ಹನೋಯಿ, ಡಾ ನಾಂಗ್, ಸೈಗಾನ್ (ಈಗಿನ ಅಧಿಕೃತ ಹೆಸರು ಹೋ ಚಿ ಮಿನ್ ನಗರ) ಇವುಗಳ ನಡುವೆ ವಿಮಾನದಲ್ಲೇ ಓಡಾಡಿ ಒಂದು ವಾರದಲ್ಲಿ ವಾಪಸಾಗುತ್ತಾರೆ. ಆ ದೇಶದ ನಕ್ಷೆಯನ್ನು ಒಮ್ಮೆ ನೋಡಿದರೆ ಇದೆಂಥ ನಷ್ಟ ಎಂದು ತಿಳಿಯುತ್ತದೆ. ಉದ್ದಕ್ಕೆ ಚಾಚಿಕೊಂಡ ಕಿರಿದಾದ ದೇಶ. ಒಂದು ಪಕ್ಕ ಬೆಟ್ಟ, ಇನ್ನೊಂದು ಪಕ್ಕ ಕಡಲು, ನಡುವೆ ಉತ್ತರದಿಂದ ದಕ್ಷಿಣಕ್ಕೆ 1,726 ಕಿ.ಮೀ. ಉದ್ದದ ಒಂದೇ ಒಂದು ರೈಲು ಹಳಿ. ನೋಡಬೇಕಾದ ಊರುಗಳಲ್ಲಿ ಬಹುಪಾಲು ಈ ಹಳಿಯ ಮೇಲೋ ಅದರಿಂದ ಒಂದೆರಡು ಗಂಟೆಯ ಬಸ್ ದಾರಿಯಲ್ಲೋ ಇವೆ. ನೋಟ ಚೆನ್ನಾಗಿರುವ ಕಡೆ ಹಗಲು ರೈಲು, ಏನೂ ಇಲ್ಲದ ಕಡೆ ರಾತ್ರಿ ರೈಲು, ಹಳಿ ಇಲ್ಲದ ಕಡೆ ಬಸ್ಸು. ಇಡೀ ಪ್ರವಾಸವನ್ನು ಇಷ್ಟರ ಮೇಲೆ ಕಟ್ಟಬಹುದು.

ಫ್ರೆಂಚರು ತುಂಡುತುಂಡಾಗಿ ಹಾಕುತ್ತಾ ಬಂದ ಈ ಮಾರ್ಗ ಪೂರ್ತಿಯಾದದ್ದು 1936ರಲ್ಲಿ. 1954ರಲ್ಲಿ ದೇಶ ಎರಡಾದಾಗ ಹಳಿಯೂ ಕಡಿಯಿತು. ಯುದ್ಧ ಮುಗಿದ ಮೇಲೆ ನೂರಾರು ಸೇತುವೆಗಳನ್ನು ರಿಪೇರಿ ಮಾಡಿ, 1976ರ ಡಿಸೆಂಬರ್ 31ರಂದು ಎರಡೂ ತುದಿಗಳ ನಡುವೆ ಮತ್ತೆ ರೈಲು ಓಡಿಸಿದರು. ಇಂದಿಗೂ ಇದು ಮೀಟರ್ ಗೇಜ್, ಬಹುತೇಕ ಸಿಂಗಲ್ ಲೈನ್. ಬೆಂಗಳೂರು–ಮೈಸೂರು ನಡುವಿನ ಹಳೆಯ ಮೀಟರ್ ಗೇಜ್ ಗಾಡಿಯಲ್ಲಿ ಕೂತವರಿಗೆ ಈ ಬೋಗಿಗಳ ಅಗಲ, ಕುಲುಕಾಟ ಎರಡೂ ಪರಿಚಿತ ಅನ್ನಿಸುತ್ತದೆ. ಪೂರ್ತಿ ದೂರಕ್ಕೆ 30ರಿಂದ 35 ಗಂಟೆ ಹಿಡಿಯುತ್ತದೆ. ಎದುರಿನ ಗಾಡಿಗೆ ದಾರಿ ಬಿಡಲು ನಿಲ್ಲುವುದು ಮಾಮೂಲು, ಅರ್ಧ ಮುಕ್ಕಾಲು ಗಂಟೆ ತಡವಾದರೆ ಅದನ್ನು ತಡ ಎನ್ನುವಂತಿಲ್ಲ. ಸಿಂಗಲ್ ಲೈನ್ ಆದ್ದರಿಂದ ಒಂದು ಕಡೆ ಅಡಚಣೆಯಾದರೆ ಇಡೀ ಮಾರ್ಗವೇ ನಿಲ್ಲುತ್ತದೆ. 2024ರ ಏಪ್ರಿಲ್‌ನಲ್ಲಿ ನ್ಯಾ ಟ್ರಾಂಗ್‌ನ ಉತ್ತರಕ್ಕಿರುವ ಹಳೆಯ ಸುರಂಗವೊಂದರಲ್ಲಿ ಕಲ್ಲುಮಣ್ಣು ಕುಸಿದಾಗ, ಹಲವು ದಿನ ಪ್ರಯಾಣಿಕರನ್ನು ಆ ತುಂಡು ದೂರ ಬಸ್ಸಿನಲ್ಲಿ ಸಾಗಿಸಬೇಕಾಯಿತು. ಊರಿಗೆ ಮರಳುವ ವಿಮಾನದ ದಿನವೇ ದೂರದ ರೈಲು ಇಟ್ಟುಕೊಳ್ಳಬೇಡಿ.

ಹೊರಡುವ ಮುನ್ನ

ಭಾರತೀಯರಿಗೆ ಇ-ವೀಸಾ ಸಿಗುತ್ತದೆ. 2023ರ ಆಗಸ್ಟ್ 15ರಿಂದ ಇದರ ಅವಧಿ 90 ದಿನ. ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲದ್ದಕ್ಕೆ 50 ಡಾಲರ್. ಅರ್ಜಿಯನ್ನು ಅಲ್ಲಿನ ವಲಸೆ ಇಲಾಖೆಯ ಅಧಿಕೃತ ತಾಣದಲ್ಲೇ ಹಾಕಿ. ಅದರಂತೆಯೇ ಕಾಣುವ ಏಜೆಂಟರ ತಾಣಗಳು ಹುಡುಕಾಟದಲ್ಲಿ ಮೊದಲು ಬರುತ್ತವೆ, ದುಡ್ಡು ಎರಡು ಮೂರು ಪಟ್ಟು. ಕೊಟ್ಟ ಶುಲ್ಕ ಮರಳಿ ಬರುವುದಿಲ್ಲ, ತಪ್ಪಾದರೆ ಹೊಸ ಅರ್ಜಿ.

ಕರ್ನಾಟಕದವರು ಎಡವುವುದು ಹೆಸರಿನಲ್ಲಿ. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಇಲ್ಲವೇ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರೋ ಊರಿನ ಹೆಸರೋ ಸೇರಿರುತ್ತದೆ. ಪಾಸ್‌ಪೋರ್ಟ್ ಪುಟದ ಕೆಳಗೆ ಬಾಣದ ಗುರುತುಗಳಿರುವ ಎರಡು ಸಾಲುಗಳಿವೆಯಲ್ಲ, ಅಲ್ಲಿ ಹೆಸರು ಯಾವ ಕ್ರಮದಲ್ಲಿದೆಯೋ ಅದೇ ಕ್ರಮದಲ್ಲಿ ವೀಸಾ ಅರ್ಜಿಯಲ್ಲೂ ವಿಮಾನದ ಟಿಕೆಟ್ಟಿನಲ್ಲೂ ತುಂಬಿ. ಎರಡಕ್ಕೂ ಹೊಂದಿಕೆಯಾಗದಿದ್ದರೆ ಚೆಕ್-ಇನ್ ಕೌಂಟರಿನಲ್ಲೇ ನಿಲ್ಲಿಸುತ್ತಾರೆ. ಯಾವ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೀರಿ ಎಂಬುದನ್ನೂ ಅರ್ಜಿಯಲ್ಲಿ ನಮೂದಿಸಬೇಕು. ಹನೋಯಿಗೆ ಹೋಗುವವರು ನೋಯ್ ಬಾಯ್ ಆರಿಸಿ.

ಕಾಲ ಆರಿಸುವುದು ಕಷ್ಟ, ಏಕೆಂದರೆ ಒಂದೇ ದೇಶದಲ್ಲಿ ಮೂರು ಹವೆ. ಉತ್ತರದಲ್ಲಿ ಡಿಸೆಂಬರ್, ಜನವರಿ ಚಳಿ. ದಕ್ಷಿಣದಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ. ನಡುನಾಡಿನಲ್ಲಿ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಚಂಡಮಾರುತ, ನೆರೆ. ಮೂರಕ್ಕೂ ಹೊಂದುವುದು ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ. ಜನವರಿ ಕೊನೆ, ಫೆಬ್ರುವರಿ ನಡುವಿನ ಆಸುಪಾಸು ಬರುವ ತೆತ್ ಹೊಸವರ್ಷದ ವಾರವನ್ನು ಬಿಟ್ಟುಬಿಡಿ. ಇಡೀ ದೇಶ ಊರಿಗೆ ಹೊರಟಿರುತ್ತದೆ, ರೈಲಿನಲ್ಲಿ ಜಾಗವಿರುವುದಿಲ್ಲ, ಅಂಗಡಿಗಳೂ ಮುಚ್ಚಿರುತ್ತವೆ.

ರೈಲು ಟಿಕೆಟ್ ಅಲ್ಲಿನ ರೈಲ್ವೆಯ ತಾಣದಲ್ಲಿ ಸಿಗುತ್ತದೆ, ಇಂಗ್ಲಿಷ್ ಪುಟವೂ ಇದೆ. ನಮ್ಮ ಕಾರ್ಡುಗಳನ್ನು ಅದು ಕೆಲವೊಮ್ಮೆ ಒಪ್ಪುವುದಿಲ್ಲ. ಆಗ ಸ್ವಲ್ಪ ಹೆಚ್ಚು ಹಣ ಪಡೆದು ಅದೇ ಟಿಕೆಟ್ ಕೊಡುವ ತಾಣಗಳಿವೆ, ಇಲ್ಲವೇ ಹನೋಯಿ ನಿಲ್ದಾಣದ ಕೌಂಟರಿನಲ್ಲಿ ಎಲ್ಲ ಟಿಕೆಟ್‌ಗಳನ್ನೂ ಒಟ್ಟಿಗೆ ತೆಗೆಸಬಹುದು. ದಕ್ಷಿಣಕ್ಕೆ ಹೋಗುವ ಗಾಡಿಗಳಿಗೆ ಬೆಸ ಸಂಖ್ಯೆ (ಎಸ್‌ಇ1, ಎಸ್‌ಇ3), ಉತ್ತರಕ್ಕೆ ಬರುವವಕ್ಕೆ ಸಮ ಸಂಖ್ಯೆ. ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಹೊರಡುವ ಹೊತ್ತನ್ನು ಟಿಕೆಟ್ ತೆಗೆಯುವಾಗಲೇ ನೋಡಿಕೊಳ್ಳಿ.

ಮಲಗಲು ಎರಡು ದರ್ಜೆ. ಸಾಫ್ಟ್ ಸ್ಲೀಪರ್ ಎಂದರೆ ಬಾಗಿಲಿರುವ ಕೋಣೆ, ನಾಲ್ಕು ಬರ್ತ್. ಹಾರ್ಡ್ ಸ್ಲೀಪರ್‌ನಲ್ಲಿ ಆರು ಬರ್ತ್, ಮೂರು ಅಂತಸ್ತು, ತೆಳ್ಳಗಿನ ಹಾಸಿಗೆ. ಎರಡಕ್ಕೂ ಎ.ಸಿ. ಇದೆ. ಕೆಳಗಿನ ಬರ್ತಿಗೆ ದರ ಹೆಚ್ಚು, ಮೇಲೇರಿದಂತೆ ಅಗ್ಗ. ಆರು ಬರ್ತಿನ ಕೋಣೆಯ ತುತ್ತತುದಿಯಲ್ಲಿ ಎದ್ದು ಕೂರಲಾಗುವುದಿಲ್ಲ, ಬೆನ್ನುನೋವಿರುವವರು ಆ ಉಳಿತಾಯಕ್ಕೆ ಆಸೆಪಡಬಾರದು. ಹಗಲಿಗೆ ಸಾಫ್ಟ್ ಸೀಟ್ ಸಾಕು.

ಸಸ್ಯಾಹಾರಿಗಳು ಹೆದರಬೇಕಿಲ್ಲ, ಎಚ್ಚರ ಮಾತ್ರ ಬೇಕು. ಮಹಾಯಾನ ಬೌದ್ಧರ ನಾಡಾದ್ದರಿಂದ ಸಸ್ಯಾಹಾರಕ್ಕೆ ಅಲ್ಲಿ ‘ಚಯ್’ ಎಂಬ ಹೆಸರು ಮನೆಮನೆಗೂ ಗೊತ್ತು. ಫಲಕದಲ್ಲಿ ಸಿ, ಎಚ್, ಎ, ವೈ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ಕಂಡರೆ ಒಳಗೆ ಹೋಗಿ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ, ಅಂದರೆ ಅವರ ಚಾಂದ್ರಮಾಸದ 1 ಮತ್ತು 15ನೇ ದಿನ, ಮಾಂಸ ತಿನ್ನುವವರೂ ಚಯ್ ಊಟ ಮಾಡುತ್ತಾರೆ. ಆ ದಿನ ಬೀದಿಯಲ್ಲೂ ಸಿಗುತ್ತದೆ. ಮಾಮೂಲಿ ಹೋಟೆಲಿನಲ್ಲಿ ‘ಮಾಂಸ ಬೇಡ’ ಎಂದರೆ ಸಾಲದು. ಮೀನಿನ ಸಾಸ್ ಎಲ್ಲದರಲ್ಲೂ ಇರುತ್ತದೆ, ಫೋ ನೂಡಲ್ಸ್‌ನ ತಿಳಿಸಾರು ಮೂಳೆ ಬೇಯಿಸಿದ್ದು. ನಾವು ಬಾಯಲ್ಲಿ ಹೇಳಿದರೆ ಸ್ವರದ ಏರಿಳಿತ ತಪ್ಪಿ ಅರ್ಥವಾಗದಿರಬಹುದು. ‘ನಾನು ಸಸ್ಯಾಹಾರಿ, ಮೀನಿನ ಸಾಸ್ ಬೇಡ, ಮೂಳೆಯ ಸಾರು ಬೇಡ’ ಎಂದು ಅವರ ಭಾಷೆಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ.

ದಿನ 1–2: ಹನೋಯಿ

ನೋಯ್ ಬಾಯ್ ವಿಮಾನ ನಿಲ್ದಾಣದಿಂದ ಊರು ಸುಮಾರು 27 ಕಿ.ಮೀ. ಹೊರಗೆ ಬಂದರೆ 86ನೇ ಸಂಖ್ಯೆಯ ಕಿತ್ತಳೆ ಬಣ್ಣದ ಬಸ್ಸು ನಿಂತಿರುತ್ತದೆ. ಅದು ಹಳೆಪೇಟೆಯ ಅಂಚಿನಿಂದ ಸಾಗಿ ರೈಲು ನಿಲ್ದಾಣದ ಹತ್ತಿರ ಮುಗಿಯುತ್ತದೆ. ಟಿಕೆಟ್ 45,000 ಡಾಂಗ್ ಆಸುಪಾಸು. ಒಂದು ರೂಪಾಯಿಗೆ ಹೆಚ್ಚುಕಡಿಮೆ 300 ಡಾಂಗ್ ಎಂದು ಲೆಕ್ಕ ಇಟ್ಟುಕೊಳ್ಳಿ. ಮೂರು ಸೊನ್ನೆ ಕಿತ್ತು, ಮೂರರಿಂದ ಭಾಗಿಸಿ, ಹತ್ತರಿಂದ ಗುಣಿಸಿದರೆ ರೂಪಾಯಿ. 45,000 ಅಂದರೆ 150 ರೂಪಾಯಿ.

ಮೊದಲ ದಿನವೇ ನೋಟುಗಳನ್ನು ಮಂಚದ ಮೇಲೆ ಹರಡಿ ನೋಡಿಕೊಳ್ಳುವುದು ಒಳ್ಳೆಯದು. 20,000 ಮತ್ತು 500,000 ಎರಡೂ ನೀಲಿ, ಎರಡೂ ಪ್ಲಾಸ್ಟಿಕ್, ಎರಡರ ಮೇಲೂ ಹೋ ಚಿ ಮಿನ್ ಮುಖ. ಮಬ್ಬು ಬೆಳಕಿನಲ್ಲಿ ಟ್ಯಾಕ್ಸಿಯವರಿಗೆ 65 ರೂಪಾಯಿಯ ಬದಲು 1,600 ರೂಪಾಯಿ ಕೊಟ್ಟುಬಿಡುವುದು ಇದರಿಂದಲೇ. 500,000ದ ನೋಟನ್ನು ಪರ್ಸಿನ ಬೇರೆ ಅರೆಯಲ್ಲಿಡಿ. ಟ್ಯಾಕ್ಸಿ ಕರೆಸುವ ಗ್ರಾಬ್ ಆ್ಯಪನ್ನು ಊರಲ್ಲೇ ಹಾಕಿಕೊಂಡು ನಮ್ಮ ನಂಬರಿಗೆ ಒಟಿಪಿ ತರಿಸಿ ಮುಗಿಸಿರಿ. ಅಲ್ಲಿ ಹೋಗಿ ಬೇರೆ ಸಿಮ್ ಹಾಕಿದ ಮೇಲೆ ಅದು ತಲೆನೋವು.

ಊರಿನಲ್ಲಿ ಹೋನ್ ಕಿಯೆಮ್ ಕೆರೆಯ ಸುತ್ತ ಒಂದು ನಡಿಗೆ, 1070ರಲ್ಲಿ ಸ್ಥಾಪನೆಯಾದ ಸಾಹಿತ್ಯ ಮಂದಿರ, 20ನೇ ಶತಮಾನದ ಶುರುವಿನಲ್ಲಿ ಫ್ರೆಂಚರು ಕೆಂಪು ನದಿಗೆ ಕಟ್ಟಿದ ಲಾಂಗ್ ಬಿಯೆನ್ ಸೇತುವೆ. ಆ ಸೇತುವೆಯ ಮೇಲೆ ಇಂದಿಗೂ ರೈಲು ಓಡುತ್ತದೆ, ಪಕ್ಕದಲ್ಲೇ ನಡೆದುಕೊಂಡು ಹೋಗಬಹುದು. ಮನೆಗಳ ಅಂಗಳದಲ್ಲೇ ಗಾಡಿ ಹಾಯುವ ‘ರೈಲು ಬೀದಿ’ಯನ್ನು ಪೊಲೀಸರು ಆಗಾಗ ಮುಚ್ಚುತ್ತಾರೆ. ಮುಚ್ಚಿದ್ದರೆ ಬೇಜಾರು ಬೇಡ, ಮುಂದೆ ಇಡೀ ಪ್ರವಾಸವೇ ರೈಲಿನದ್ದು. ಇಲ್ಲಿನ ಪ್ರಸಿದ್ಧ ಮೊಟ್ಟೆ ಕಾಫಿಯ ನೊರೆ ಹಸಿ ಹಳದಿಯಿಂದ ಮಾಡಿದ್ದು ಎಂಬುದು ಸಸ್ಯಾಹಾರಿಗಳಿಗೆ ನೆನಪಿರಲಿ.

ದಿನ 3–4: ನಿನ್ ಬಿನ್

ಬೆಳಗಿನ ರೈಲಿಗೆ ಎರಡೂಕಾಲು ಗಂಟೆ, 115 ಕಿ.ಮೀ. ಭತ್ತದ ಗದ್ದೆಗಳ ನಡುವೆ ಸುಣ್ಣಕಲ್ಲಿನ ಬೆಟ್ಟಗಳು ನೆಟ್ಟಗೆ ಎದ್ದು ನಿಂತ ಜಾಗ ಇದು. ಉಳಿಯಲು ಪೇಟೆಗಿಂತ ತಾಮ್ ಕೋಕ್ ಹಳ್ಳಿ ವಾಸಿ. ಬಾಡಿಗೆ ಸೈಕಲ್ ಎಲ್ಲ ಲಾಡ್ಜುಗಳಲ್ಲೂ ಇದೆ, ದಾರಿ ಸಮತಟ್ಟು.

ಮೋಟರ್‌ಬೈಕ್ ಬಾಡಿಗೆಗೆ ಕೊಡುವವರು ಲೈಸೆನ್ಸ್ ಕೇಳುವುದೇ ಇಲ್ಲ. ಆದರೆ ಭಾರತದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ 1949ರ ರಸ್ತೆ ಸಂಚಾರ ಒಪ್ಪಂದದ ಮಾದರಿಯದು, ವಿಯೆಟ್ನಾಂ ಮಾನ್ಯ ಮಾಡುವುದು 1968ರ ಒಪ್ಪಂದದ್ದನ್ನು. ಅಪಘಾತವಾದರೆ ವಿಮಾ ಕಂಪನಿಗೆ ಹಣ ನಿರಾಕರಿಸಲು ಇಷ್ಟೇ ಸಾಕು. ಸೈಕಲ್ಲೇ ಇರಲಿ.

ದೋಣಿಗೆ ತಾಮ್ ಕೋಕ್, ಚಾಂಗ್ ಆನ್ ಎರಡು ಆಯ್ಕೆ. ಸಮಯ ಒಂದಕ್ಕೇ ಇದ್ದರೆ ಚಾಂಗ್ ಆನ್. 2014ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ತಾಣ. ನಾಲ್ಕು ಜನರ ದೋಣಿ, ಸುಮಾರು ಮೂರು ಗಂಟೆ, ತಲೆಗೆ 250,000 ಡಾಂಗ್ ಆಸುಪಾಸು, ಆರಿಸಲು ಮೂರು ಮಾರ್ಗ. ಗುಹೆಗಳ ಚಾವಣಿ ಕೆಲವೆಡೆ ಎಷ್ಟು ತಗ್ಗೆಂದರೆ ತಲೆಯನ್ನು ಮೊಣಕಾಲಿಗೆ ತಾಗಿಸಿ ಕೂರಬೇಕು. ಬೆಳಿಗ್ಗೆ ಎಂಟಕ್ಕೆ ಮುಂಚೆ ಹೋದರೆ ಹನೋಯಿಯಿಂದ ಬರುವ ಟೂರ್ ಬಸ್ಸುಗಳಿಗಿಂತ ಮುಂದಿರುತ್ತೀರಿ. ಸಂಜೆ ಹಾಂಗ್ ಮುವಾ ಗುಡ್ಡದ ಐನೂರರಷ್ಟು ಮೆಟ್ಟಿಲು. ಹತ್ತಿರದ ಹೋವಾ ಲು 968ರಿಂದ 1010ರವರೆಗೆ ರಾಜಧಾನಿಯಾಗಿತ್ತು. ಇಲ್ಲಿಂದಲೇ ರಾಜಧಾನಿ ಇಂದಿನ ಹನೋಯಿಗೆ ಹೋಯಿತು.

ನಾಲ್ಕನೇ ದಿನದ ರಾತ್ರಿ ಡಾಂಗ್ ಹೋಯಿಗೆ ರೈಲು. 400 ಕಿ.ಮೀ. ದಾಟಲು ಎಂಟು ಗಂಟೆ ಚಿಲ್ಲರೆ, ನಿದ್ದೆಗೆ ಸರಿಹೊಂದುವ ಅಳತೆ. ಟಿಕೆಟ್ಟಿನಲ್ಲಿ ಬೋಗಿ ಸಂಖ್ಯೆ, ಬರ್ತ್ ಸಂಖ್ಯೆ ಇರುತ್ತದೆ, ಬಾಗಿಲಲ್ಲಿ ಅಟೆಂಡರ್ ಕ್ಯೂಆರ್ ಕೋಡ್ ನೋಡಿ ಬಿಡುತ್ತಾರೆ, ಪಾಸ್‌ಪೋರ್ಟ್ ಕೈಯಲ್ಲಿರಲಿ. ಬೋಗಿಯ ಕೊನೆಯಲ್ಲಿ ಕುದಿನೀರಿನ ನಲ್ಲಿ ಇದೆ. ಗಾಡಿಯಲ್ಲಿ ತಳ್ಳಿಕೊಂಡು ಬರುವ ಊಟ ಅನ್ನ, ಮಾಂಸದ್ದೇ. ಪೇಟೆಯ ಅಂಗಡಿಯಲ್ಲಿ ‘ಚಯ್’ ಎಂದು ಬರೆದ ಕಪ್ ನೂಡಲ್ಸ್, ಬಾಳೆಹಣ್ಣು, ಬ್ರೆಡ್ಡು ತೆಗೆದುಕೊಂಡು ಹತ್ತಿ. ಎ.ಸಿ. ಚಳಿ ಜೋರು, ಕೊಡುವ ಹೊದಿಕೆಯ ಮೇಲೆ ನಿಮ್ಮದೊಂದು ಶಾಲು ಬೇಕು. ಬ್ಯಾಗನ್ನು ಕೆಳಬರ್ತಿನ ಅಡಿಗೆ ತಳ್ಳಿ. ಮೇಲಿನ ಬರ್ತಿನವರಿಗೆ ಓಡಾಟದ ದಾರಿಯ ಚಾವಣಿ ಮೇಲೆ ಒಂದು ಗೂಡಿದೆ, ಆದರೆ 10 ಕಿಲೋ ದಾಟಿದ ಬ್ಯಾಗನ್ನು ಅಲ್ಲಿಗೆ ಎತ್ತುವುದು ಸುಲಭವಲ್ಲ. ಇಳಿಯುವ ಹೊತ್ತಿಗೆ ಹದಿನೈದು ನಿಮಿಷ ಮುಂಚೆ ನಿಮ್ಮದೇ ಅಲಾರಂ ಇಟ್ಟುಕೊಳ್ಳಿ, ಫೋನಿನ ನಕ್ಷೆಯಲ್ಲಿ ಗಾಡಿ ಎಲ್ಲಿದೆ ನೋಡಿ.

ದಿನ 5–6: ಫಾಂಗ್ ನ್ಯಾ

ಡಾಂಗ್ ಹೋಯಿಯಿಂದ ಫಾಂಗ್ ನ್ಯಾಕ್ಕೆ 45 ಕಿ.ಮೀ. ಲೋಕಲ್ ಬಸ್ಸಿದೆ, ಸಂಜೆ ಬೇಗ ನಿಲ್ಲುತ್ತದೆ. ರೈಲು ತಡವಾಗಿ ತಪ್ಪಿದರೆ ಲಾಡ್ಜಿನವರು ಹಂಚಿಕೆಯ ವ್ಯಾನ್ ಕಳಿಸುತ್ತಾರೆ, ಹಿಂದಿನ ದಿನವೇ ಮೆಸೇಜ್ ಮಾಡಿ ಕೇಳಿ.

ಇಲ್ಲಿ ನೋಡಬೇಕಾದದ್ದು ಗುಹೆಗಳು. ಊರ ಹತ್ತಿರದ ಫಾಂಗ್ ನ್ಯಾ ಗುಹೆಗೆ ದೋಣಿಯಲ್ಲೇ ಒಳಹೋಗುವುದು. ಪ್ರವೇಶ ಶುಲ್ಕ ತಲೆಗೆ, ದೋಣಿ ಬಾಡಿಗೆ ಇಡೀ ದೋಣಿಗೆ. ಒಬ್ಬರೇ ಹೋದವರು ಟಿಕೆಟ್ ಕೌಂಟರಿನ ಬಳಿ ಸ್ವಲ್ಪ ಕಾದು ಬೇರೆಯವರ ಜೊತೆ ಸೇರಿಕೊಂಡರೆ ಬಾಡಿಗೆ ಹನ್ನೊಂದು ಹನ್ನೆರಡು ಪಾಲಾಗುತ್ತದೆ. ಮಳೆಗಾಲದಲ್ಲಿ ನದಿ ಏರಿದರೆ ಗುಹೆಯ ಬಾಯಿಯೇ ಮುಳುಗುತ್ತದೆ, ಆಗ ಬಂದ್. ಸ್ವರ್ಗ ಗುಹೆ ಬೆಟ್ಟದ ಮೇಲಿದೆ, ಪತ್ತೆಯಾದದ್ದು 2005ರಲ್ಲಿ. 31 ಕಿ.ಮೀ. ಉದ್ದದಲ್ಲಿ ಮೊದಲ 1 ಕಿ.ಮೀ.ಗೆ ಮರದ ಹಾದಿ ಹಾಕಿದ್ದಾರೆ. ಅಲ್ಲಿಗೆ ಬಸ್ಸಿಲ್ಲ, ಲಾಡ್ಜಿನ ದಿನದ ಟೂರ್ ಹಿಡಿಯಿರಿ. ಜಗತ್ತಿನಲ್ಲೇ ದೊಡ್ಡದೆನ್ನುವ ಸೋನ್ ಡೂಂಗ್ ಗುಹೆಯೂ ಇದೇ ಕಾಡಿನಲ್ಲಿದೆ. ಅದು ತಿಂಗಳುಗಟ್ಟಲೆ ಮುಂಚೆ ಕಾಯ್ದಿರಿಸುವ, ಸುಮಾರು 3,000 ಡಾಲರಿನ ಬೇರೆಯದೇ ಯಾತ್ರೆ.

ದಿನ 7–8: ಹುಯೆ

ಡಾಂಗ್ ಹೋಯಿಯಿಂದ ಹುಯೆಗೆ ಹಗಲು ರೈಲು, ಮೂರೂವರೆ ಗಂಟೆ. ದಾರಿಯಲ್ಲಿ ಬೆನ್ ಹಾಯ್ ನದಿ ಬರುತ್ತದೆ. ಕಣ್ಣಿಗೆ ಏನೂ ವಿಶೇಷವಿಲ್ಲದ ಸಣ್ಣ ನದಿ, 1954ರ ನಂತರ ಎರಡು ವಿಯೆಟ್ನಾಂಗಳ ನಡುವಿನ ಗಡಿ ಇದೇ ಆಗಿತ್ತು.

1802ರಿಂದ 1945ರವರೆಗೆ ನ್ಯೂಯೆನ್ ವಂಶದ ರಾಜಧಾನಿ ಹುಯೆ. ಕೋಟೆಯರಮನೆಗೆ ಪ್ರವೇಶ 200,000 ಡಾಂಗ್. ಅರಮನೆ ಜೊತೆಗೆ ಮೂರು ರಾಜಸಮಾಧಿಗಳು ಸೇರಿದ ಟಿಕೆಟ್ ತೆಗೆದರೆ ಅಗ್ಗ. ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ, ಅಂಗಳಗಳು ವಿಶಾಲ, ಬಿಸಿಲು ಕ್ರೂರ. ಅರಮನೆ ಬೆಳಿಗ್ಗೆ ಏಳಕ್ಕೆ ತೆರೆಯುತ್ತದೆ, ಹತ್ತರೊಳಗೆ ಮುಗಿಸಿ. ಸಮಾಧಿಗಳಲ್ಲಿ ಕೆರೆ, ಪೈನ್ ಮರಗಳ ನಡುವಿನ ತು ದುಕ್, ಕಾಂಕ್ರೀಟಿನ ಮೇಲೆ ಪಿಂಗಾಣಿ ಚೂರುಗಳಿಂದ ಚಿತ್ತಾರ ಬಿಡಿಸಿದ ಖಾಯ್ ದಿನ್, ಇವೆರಡು ಸಾಕು. ನದಿ ದಂಡೆಯ ತಿಯೆನ್ ಮು ಪಗೋಡದಲ್ಲಿ ಏಳಂತಸ್ತಿನ ಗೋಪುರವಿದೆ. ಹಿಂದಿನ ಕೊಟ್ಟಿಗೆಯಲ್ಲಿ ಒಂದು ಹಳೆಯ ಆಸ್ಟಿನ್ ಕಾರು ಇಟ್ಟಿದ್ದಾರೆ. 1963ರಲ್ಲಿ ಸೈಗಾನ್ ಬೀದಿಯಲ್ಲಿ ಆತ್ಮಾಹುತಿ ಮಾಡಿಕೊಂಡ ಭಿಕ್ಷು ಥಿಕ್ ಕ್ವಾಂಗ್ ದುಕ್ ಅಲ್ಲಿಗೆ ಹೋದದ್ದು ಆ ಕಾರಿನಲ್ಲಿ.

ಸಸ್ಯಾಹಾರಿಗಳಿಗೆ ಇಡೀ ದೇಶದಲ್ಲಿ ಇದಕ್ಕಿಂತ ಒಳ್ಳೆಯ ಊರಿಲ್ಲ. ವಿಹಾರಗಳ ಸುತ್ತ ಚಯ್ ಹೋಟೆಲುಗಳು ಸಾಲಾಗಿವೆ. ಅಕ್ಕಿಹಿಟ್ಟನ್ನು ಪುಟ್ಟ ಬಟ್ಟಲಲ್ಲಿ ಹಬೆಗೆ ಬೇಯಿಸಿದ ಬಾನ್ ಬೆಯೊ, ನಿಂಬೆಹುಲ್ಲಿನ ಖಾರದ ಬುನ್ ನೂಡಲ್ಸ್, ಅಣಬೆ, ತೋಫು. ನಮ್ಮ ನಾಲಿಗೆಗೆ ಬೇಕಾದ ಖಾರ ಸಿಗುವುದೂ ಇಲ್ಲೇ.

ದಿನ 9: ಹಾಯ್ ವಾನ್ ಘಾಟಿ

ಈ ಪ್ರವಾಸದ ಅತ್ಯುತ್ತಮ ಮೂರು ಗಂಟೆ ಇವು. ಹುಯೆಯಿಂದ ಡಾ ನಾಂಗ್‌ಗೆ 103 ಕಿ.ಮೀ. ಬಸ್ಸಿನಲ್ಲಿ ಬೇಗ ಹೋಗಬಹುದು, ಆದರೆ 2005ರಲ್ಲಿ 6 ಕಿ.ಮೀ.ಗೂ ಉದ್ದದ ಸುರಂಗ ತೆರೆದ ಮೇಲೆ ಬಸ್ಸುಗಳೆಲ್ಲ ಬೆಟ್ಟದ ಹೊಟ್ಟೆಯೊಳಗಿಂದಲೇ ನುಗ್ಗುತ್ತವೆ, ಏನೂ ಕಾಣಿಸುವುದಿಲ್ಲ. ಹಳಿ ಮಾತ್ರ ಇಂದಿಗೂ ಕಡಲ ಕಡೆಯ ಇಳಿಜಾರನ್ನೇ ಸುತ್ತಿಕೊಂಡು ಹೋಗುತ್ತದೆ.

ದಕ್ಷಿಣಕ್ಕೆ ಮುಖ ಮಾಡಿದಾಗ ಎಡಗಡೆಯ ಕಿಟಕಿ ಬೇಕು. ಟಿಕೆಟ್ ತೆಗೆಯುವಾಗ ಬೋಗಿಯ ನಕ್ಷೆ ಕಾಣುತ್ತದೆ, ನೋಡಿ ಆರಿಸಿ. ಮಾಮೂಲಿ ಎಸ್‌ಇ ಗಾಡಿಗಳಲ್ಲದೆ, 2024ರ ಮಾರ್ಚ್ 26ರಿಂದ ಈ ಎರಡು ಊರುಗಳ ನಡುವೆ ‘ಪರಂಪರೆಯ ರೈಲು’ ಎಂಬ ವಿಶೇಷ ಗಾಡಿಯೂ ಓಡುತ್ತಿದೆ. ಅದು ಲಾಂಗ್ ಕೋ ನಿಲ್ದಾಣದಲ್ಲಿ ಜನ ಇಳಿದು ಫೋಟೊ ತೆಗೆಯುವಷ್ಟು ಹೊತ್ತು ನಿಲ್ಲುತ್ತದೆ.

ಹುಯೆ ಬಿಟ್ಟ ಮೊದಲ ಗಂಟೆ ಗದ್ದೆ, ಹಿನ್ನೀರು. ಲಾಂಗ್ ಕೋ ಹಿನ್ನೀರಿನ ಬಳಿ ಬೆಟ್ಟ ಒಮ್ಮೆಲೇ ಎದುರಾಗುತ್ತದೆ. ಅಲ್ಲಿಂದ ಗಾಡಿ ಏದುಸಿರು ಬಿಡುತ್ತಾ ಏರುತ್ತದೆ, ಏರಿಗಾಗಿ ಹಿಂದಿನಿಂದ ತಳ್ಳಲು ಇನ್ನೊಂದು ಎಂಜಿನ್ ಹಾಕುವುದೂ ಉಂಟು. ತಿರುವುಗಳು ಎಷ್ಟು ಬಿಗಿ ಎಂದರೆ ಕಿಟಕಿಯಿಂದಲೇ ನಿಮ್ಮ ಗಾಡಿಯ ಎಂಜಿನ್ನೂ ಕೊನೆಯ ಬೋಗಿಯೂ ಕಾಣುತ್ತವೆ. ಕೆಳಗೆ ಬಂಡೆ, ಬಂಡೆಗೆ ಒಡೆಯುವ ಅಲೆ, ಬೇರೆ ದಾರಿಯಿಂದ ತಲುಪಲಾಗದ ಸಣ್ಣ ಮರಳ ದಂಡೆಗಳು. ಒಂದರ ಹಿಂದೊಂದು ಸಣ್ಣ ಸುರಂಗಗಳು ಬರುತ್ತವೆ, ಪ್ರತಿಯೊಂದರಿಂದ ಹೊರಬಿದ್ದಾಗಲೂ ಕಡಲು ಇನ್ನಷ್ಟು ಕೆಳಗೆ. ಕಿಟಕಿ ಗಾಜು ತೆರೆಯುವುದಿಲ್ಲ, ಮಸುಕಾಗಿರುವುದೂ ಉಂಟು. ಹತ್ತಿದ ಕೂಡಲೇ ಒಳಗಿನಿಂದ ಒರೆಸಿ, ಫೋನನ್ನು ಗಾಜಿಗೆ ತಾಗಿಸಿ ಹಿಡಿದರೆ ಪ್ರತಿಬಿಂಬ ಬೀಳದು.

ಡಾ ನಾಂಗ್ ನಿಲ್ದಾಣ ಮೊಂಡು ತುದಿಯದು. ಎಂಜಿನ್ ಕಳಚಿ ಇನ್ನೊಂದು ಕೊನೆಗೆ ಹಾಕಿ ಗಾಡಿ ಬಂದ ದಿಕ್ಕಿಗೇ ಹೊರಡುತ್ತದೆ. ಇಳಿಯದೆ ಮುಂದೆ ಹೋಗುವವರಿಗೆ ಕಡಲ ಕಡೆಯ ಸೀಟು ಅಲ್ಲಿಂದಾಚೆ ಬೆಟ್ಟದ ಕಡೆಯದ್ದಾಗುತ್ತದೆ.

ಹೋಯಿ ಆನ್‌ಗೆ ರೈಲಿಲ್ಲ. ಡಾ ನಾಂಗ್ ನಿಲ್ದಾಣದಿಂದ 30 ಕಿ.ಮೀ., ಗ್ರಾಬ್ ಅಥವಾ ಹಂಚಿಕೆಯ ವ್ಯಾನ್.

ದಿನ 10–11: ಹೋಯಿ ಆನ್, ಮೀ ಸಾನ್, ಡಾ ನಾಂಗ್

ಹೋಯಿ ಆನ್‌ನ ಹಳೆಪೇಟೆ ಚೀನಾ, ಜಪಾನ್ ವರ್ತಕರ ಕಾಲದ್ದು. 120,000 ಡಾಂಗ್‌ನ ಟಿಕೆಟ್ಟಿನಲ್ಲಿ ಹಳೆಯ ಮನೆ, ಸಭಾಭವನಗಳ ಪೈಕಿ ಐದನ್ನು ನೋಡಬಹುದು. ಸಂಜೆಯ ದೀಪಗಳು ಚೆಂದ, ಗುಂಪು ವಿಪರೀತ. ಬೆಳಿಗ್ಗೆ ಆರಕ್ಕೆ ಅದೇ ಬೀದಿಗಳಲ್ಲಿ ತರಕಾರಿ ಮಾರುವವರು ಬಿಟ್ಟರೆ ಯಾರೂ ಇರುವುದಿಲ್ಲ.

ಮೀ ಸಾನ್‌ಗೆ ಅರ್ಧ ದಿನ ಕೊಡಿ. ಹೋಯಿ ಆನ್‌ನಿಂದ ಸುಮಾರು 40 ಕಿ.ಮೀ., ಮುಂಜಾನೆಯ ಟೂರ್ ಬಸ್ಸುಗಳಿವೆ. ಹಿಂದೆ ನಡುನಾಡನ್ನು ಆಳಿದ ಚಾಮ್ ಜನರ ರಾಜ್ಯ ಚಂಪಾ, ಅದರ ಅರಸರ ಶೈವ ಕ್ಷೇತ್ರ ಇದು. 4ನೇ ಶತಮಾನದ ರಾಜ ಭದ್ರವರ್ಮನು ಇಲ್ಲಿ ಭದ್ರೇಶ್ವರ ಎಂಬ ಲಿಂಗವನ್ನು ಪ್ರತಿಷ್ಠಾಪಿಸಿ ಸಂಸ್ಕೃತದಲ್ಲಿ ಶಾಸನ ಬರೆಸಿದ. ಅಲ್ಲಿಂದ 13ನೇ ಶತಮಾನದವರೆಗೂ ಇಲ್ಲಿ ಗುಡಿಗಳು ಏಳುತ್ತಲೇ ಇದ್ದವು. ಪಟ್ಟದಕಲ್ಲು ಕಟ್ಟುತ್ತಿದ್ದ ಕಾಲದಲ್ಲಿ ಇಲ್ಲಿಯೂ ಶಿವನಿಗೆ ಗುಡಿ ಕಟ್ಟುತ್ತಿದ್ದರು, ಅಲ್ಲಿ ಕಲ್ಲು, ಇಲ್ಲಿ ಇಟ್ಟಿಗೆ. ಗೋಡೆಗೆ ಹತ್ತಿರ ನಿಂತು ನೋಡಿ. ಎರಡು ಇಟ್ಟಿಗೆಗಳ ನಡುವೆ ಗಾರೆಯ ಗೆರೆ ಕಾಣುವುದಿಲ್ಲ. ಮರದ ಅಂಟಿನಿಂದ ಕೂಡಿಸಿರಬೇಕು ಎಂಬುದು ತಜ್ಞರ ಊಹೆ. ಕಟ್ಟಿದ ಮೇಲೆ ಇಟ್ಟಿಗೆಯ ಮೈಯಲ್ಲೇ ದೇವತೆ, ಬಳ್ಳಿಗಳನ್ನು ಕೊರೆದಿದ್ದಾರೆ. ಹಳೆಯ ಇಟ್ಟಿಗೆಗೆ ಪಾಚಿ ಹಿಡಿದಿಲ್ಲ, ದುರಸ್ತಿಗೆ ಬಳಸಿದ ಹೊಸ ಇಟ್ಟಿಗೆಗೆ ಹಿಡಿದಿರುವುದು ಕಾಣುತ್ತದೆ.

1969ರಲ್ಲಿ ಅಮೆರಿಕದ ಬಾಂಬಿಗೆ ಮುಖ್ಯ ಗುಡಿಯೇ ನೆಲಸಮವಾಯಿತು. ಬಾಂಬಿನ ಹೊಂಡಗಳು ಈಗಲೂ ಗುಡಿಗಳ ನಡುವೆ ಇವೆ, ಹುಲ್ಲು ಬೆಳೆದಿದೆ. ಭಾರತದ ಪುರಾತತ್ವ ಸರ್ವೇಕ್ಷಣ ಇಲಾಖೆ 2017ರಿಂದ ಇಲ್ಲಿ ಮೂರು ಗುಂಪಿನ ಗುಡಿಗಳ ಜೀರ್ಣೋದ್ಧಾರ ಮಾಡಿತು. ಆ ಕೆಲಸ ನಡೆಯುತ್ತಿದ್ದಾಗಲೇ 2020ರಲ್ಲಿ 9ನೇ ಶತಮಾನದ ಏಕಶಿಲೆಯ ಶಿವಲಿಂಗವೊಂದು ಮಣ್ಣಿನಿಂದ ಹೊರಬಂತು. ಟೂರ್ ಗೈಡುಗಳು ಸಾಮಾನ್ಯವಾಗಿ ನಡುವಿನ ಗುಡಿಗಳಲ್ಲೇ ಮುಗಿಸಿ ಹೊರಡಿಸುತ್ತಾರೆ, ಈ ಜೀರ್ಣೋದ್ಧಾರದ ಕಡೆಗೂ ಕರೆದೊಯ್ಯಲು ಕೇಳಿ.

ಗುಡಿಗಳಲ್ಲಿ ಮೂರ್ತಿಗಳು ಹೆಚ್ಚು ಉಳಿದಿಲ್ಲ. ಅವು ಡಾ ನಾಂಗ್‌ನ ಚಾಮ್ ಶಿಲ್ಪ ಸಂಗ್ರಹಾಲಯದಲ್ಲಿವೆ. ಹನ್ನೊಂದನೇ ದಿನ ಅದಕ್ಕೇ ಮೀಸಲಿಡಿ. ನಂದಿ, ಗಣಪತಿ, ಮಕರ, ನಾಟ್ಯಶಿವ, ಒಂದೊಂದನ್ನೂ ಗುರುತು ಹಿಡಿಯಲು ನಮಗೆ ಫಲಕ ಬೇಕಾಗಿಲ್ಲ. ಹಾಗೆ ನೋಡಬಲ್ಲ ಪ್ರವಾಸಿಗರು ಅಲ್ಲಿ ಕಡಿಮೆ, ಆ ಅನುಕೂಲವನ್ನು ಬಿಡಬೇಡಿ. ರಾತ್ರಿ ನ್ಯಾ ಟ್ರಾಂಗ್‌ಗೆ ರೈಲು, 524 ಕಿ.ಮೀ., ಹತ್ತು ಗಂಟೆಯ ಆಸುಪಾಸು.

ದಿನ 12: ನ್ಯಾ ಟ್ರಾಂಗ್

ಕಡಲ ದಂಡೆಯ ದೊಡ್ಡ ಹೋಟೆಲುಗಳ ಊರು. ಇಲ್ಲಿ ಇಳಿಯಲು ಕಾರಣ ಪೋ ನಗರ್ ಗುಡಿ. ಒಳಗಿರುವ ಹತ್ತು ಕೈಗಳ ದೇವಿಯನ್ನು ಚಾಮರು ಭಗವತಿಯೆಂದು ಪೂಜಿಸಿದರು, ಈಗ ವಿಯೆಟ್ನಾಮರೂ ತಮ್ಮ ತಾಯಿಯೆಂದು ರೇಷ್ಮೆ ಉಡಿಸಿ ಪೂಜಿಸುತ್ತಾರೆ. ಬಾಗಿಲ ಮೇಲಿನ ಕೆತ್ತನೆ ನೋಡಲು ಮರೆಯಬೇಡಿ. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು.

ದಿನ 13: ಥಾಪ್ ಚಾಮ್ ಮೂಲಕ ಡಾ ಲಾಟ್

ನ್ಯಾ ಟ್ರಾಂಗ್‌ನಿಂದ ಡಾ ಲಾಟ್‌ಗೆ ನೇರ ಬಸ್ಸು ನಾಲ್ಕು ಗಂಟೆ. ಎಲ್ಲರೂ ಹಿಡಿಯುವುದು ಅದನ್ನೇ. ಆದರೆ ಬೆಳಗಿನ ರೈಲಿನಲ್ಲಿ ಥಾಪ್ ಚಾಮ್‌ಗೆ ಹೋಗಿ ಅಲ್ಲಿಂದ ಬಸ್ಸಿನಲ್ಲಿ ಬೆಟ್ಟ ಹತ್ತುವ ದಾರಿ ಹೆಚ್ಚು ಒಳ್ಳೆಯದು. ರೈಲು ಎರಡು ಗಂಟೆಯೊಳಗೆ ತಲುಪಿಸುತ್ತದೆ. ನಿಲ್ದಾಣದ ಹಿಂದಿನ ಗುಡ್ಡದ ಮೇಲೆಯೇ ಪೋ ಕ್ಲಾಂಗ್ ಗರಾಯ್ ಗುಡಿ. 13ನೇ ಶತಮಾನದ ಕೊನೆಯಲ್ಲಿ ಮೂರನೇ ಜಯಸಿಂಹವರ್ಮ ಕಟ್ಟಿಸಿದ್ದು. ಗರ್ಭಗುಡಿಯಲ್ಲಿ ಮುಖಲಿಂಗ, ಮುಂದೆ ನಂದಿ, ಬಾಗಿಲ ಮೇಲೆ ಕುಣಿಯುವ ಶಿವ. ಇಲ್ಲಿನ ಚಾಮರಲ್ಲಿ ಇಂದಿಗೂ ಶೈವ ಪದ್ಧತಿ ಉಳಿಸಿಕೊಂಡವರಿದ್ದಾರೆ. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ಬರುವ ಕಾತೆ ಹಬ್ಬದಂದು ಈ ಗುಡಿ ತುಂಬಿರುತ್ತದೆ.

ಬಸ್ಸು ಹತ್ತುವುದು ಪಕ್ಕದ ಫಾನ್ ರಾಂಗ್‌ನಲ್ಲಿ. 110 ಕಿ.ಮೀ., ನ್ಗೋವಾನ್ ಮುಕ್ ಘಾಟಿ. 1932ರಲ್ಲಿ ಪೂರ್ತಿಯಾದ, ಹಲ್ಲುಹಳಿ ಹಿಡಿದು ಬೆಟ್ಟ ಏರುತ್ತಿದ್ದ 84 ಕಿ.ಮೀ. ರೈಲು ಇದೇ ಕಣಿವೆಯಲ್ಲಿ ಓಡುತ್ತಿತ್ತು. ಯುದ್ಧದಲ್ಲಿ ನಿಂತಿತು, ಆಮೇಲೆ ಹಳಿಯನ್ನು ಬೇರೆ ಕಡೆಯ ರಿಪೇರಿಗೆ ಕಿತ್ತುಕೊಂಡು ಹೋದರು. ಅದರ ಉಗಿಬಂಡಿಗಳು 1990ರಲ್ಲಿ ಸ್ವಿಟ್ಜರ್ಲೆಂಡ್‌ಗೆ ಮಾರಾಟವಾದವು. ಭಾರಿ ಮಳೆಯಲ್ಲಿ ಡಾ ಲಾಟ್‌ನ ಎಲ್ಲ ಘಾಟಿಗಳಲ್ಲೂ ಗುಡ್ಡ ಜರಿಯುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಹೊರಡುವ ಬೆಳಿಗ್ಗೆ ದಾರಿ ತೆರೆದಿದೆಯೇ ಎಂದು ಲಾಡ್ಜಿನಲ್ಲಿ ಕೇಳಿಯೇ ಹೊರಡಿ.

ದಿನ 14: ಡಾ ಲಾಟ್

1,500 ಮೀಟರ್ ಎತ್ತರ, ರಾತ್ರಿ ಸ್ವೆಟರ್ ಬೇಕು. 1938ರ ನಿಲ್ದಾಣ ಕಟ್ಟಡ ಹಾಗೇ ಇದೆ. ಹಳೆಯ ಹಳಿಯಲ್ಲಿ ಉಳಿದ 7 ಕಿ.ಮೀ. ಮೇಲೆ ಚಾಯ್ ಮಾಟ್‌ವರೆಗೆ ಪ್ರವಾಸಿ ರೈಲು ಓಡುತ್ತದೆ. ಸಾಕಷ್ಟು ಜನ ಸೇರದಿದ್ದರೆ ಆ ಟ್ರಿಪ್ ರದ್ದಾಗುತ್ತದೆ, ಬೆಳಿಗ್ಗೆಯೇ ಹೋಗಿ.

ಕೊಡಗು, ಚಿಕ್ಕಮಗಳೂರಿನವರು ಸುತ್ತಲಿನ ಕಾಫಿ ತೋಟ ನೋಡಬೇಕು. ಜಗತ್ತಿನಲ್ಲಿ ಕಾಫಿ ಬೆಳೆಯುವುದರಲ್ಲಿ ಬ್ರೆಜಿಲ್ ಬಿಟ್ಟರೆ ವಿಯೆಟ್ನಾಂ, ಬಹುತೇಕ ರೊಬಸ್ಟಾ. ನಮ್ಮಲ್ಲಿಯ ಹಾಗೆ ನೆರಳು ಮರಗಳಡಿ ಅಲ್ಲ, ಹೆಚ್ಚಿನ ಕಡೆ ಬಯಲು ಬಿಸಿಲಿನಲ್ಲಿ ಒತ್ತೊತ್ತಾಗಿ. ಎಕರೆಗೆ ಇಳುವರಿ ಜಾಸ್ತಿ, ನೀರು, ಗೊಬ್ಬರದ ಖರ್ಚೂ ಜಾಸ್ತಿ. ಅರೇಬಿಕಾ ನೋಡಲು ಊರಾಚೆಯ ಕಾವು ದಾತ್ ಕಡೆ ಹೋಗಿ.

ದಿನ 15–16: ಸೈಗಾನ್

ಡಾ ಲಾಟ್‌ನಿಂದ 300 ಕಿ.ಮೀ., ಏಳೆಂಟು ಗಂಟೆ, ಸ್ಲೀಪರ್ ಬಸ್ಸು. ಹತ್ತುವಾಗ ಬಾಗಿಲಲ್ಲೇ ಚಪ್ಪಲಿ ಬಿಚ್ಚಬೇಕು, ಪ್ಲಾಸ್ಟಿಕ್ ಚೀಲ ಕೊಡುತ್ತಾರೆ. ಹಳೆ ಮಾದರಿಯಲ್ಲಿ ಮೂರು ಸಾಲು, ಎರಡು ಅಂತಸ್ತು. ಕಾಲಿನ ಭಾಗ ಮುಂದಿನವರ ಬೆನ್ನಿನ ಕೆಳಗಿನ ಗೂಡಿಗೆ ತೂರುತ್ತದೆ, ಐದೂಮುಕ್ಕಾಲು ಅಡಿ ದಾಟಿದವರಿಗೆ ಮಂಡಿ ಚಾಚಲಾಗುವುದಿಲ್ಲ. ಎರಡೇ ಸಾಲಿನ, ಪರದೆ ಇರುವ ‘ಕ್ಯಾಬಿನ್’ ಬಸ್ಸಿಗೆ ಸ್ವಲ್ಪ ಹೆಚ್ಚು ಕೊಟ್ಟರೆ ಈ ಕಷ್ಟವಿಲ್ಲ. ಕೆಳ ಅಂತಸ್ತು, ಮಧ್ಯಭಾಗ ಕೇಳಿ. ಹಿಂದಿನ ಸಾಲು ತಿರುವಿನಲ್ಲಿ ಹೊಟ್ಟೆ ತೊಳಸುತ್ತದೆ. ಶೌಚಾಲಯ ಬಹುತೇಕ ಇರುವುದಿಲ್ಲ, ನಿಲ್ಲಿಸಿದ ಕಡೆಯೆಲ್ಲ ಇಳಿಯಿರಿ, ಅಲ್ಲಿ ಹಾಕಿಕೊಳ್ಳಲು ಅವರದೇ ಚಪ್ಪಲಿ ಇಟ್ಟಿರುತ್ತಾರೆ. ಅಲ್ಲಿ ಒಂದೇ ಬಣ್ಣದ ಬಸ್ಸುಗಳು ನಾಲ್ಕಾರು ನಿಂತಿರುತ್ತವೆ, ಇಳಿಯುವಾಗ ನಂಬರ್ ಪ್ಲೇಟಿನ ಫೋಟೊ ತೆಗೆಯಿರಿ. ಪಾಸ್‌ಪೋರ್ಟ್, ಹಣ ಡಿಕ್ಕಿಯ ಬ್ಯಾಗಿನಲ್ಲಿ ಬೇಡ, ಮೈಮೇಲಿರಲಿ. ಈ ದಾರಿಯನ್ನು ಹಗಲಲ್ಲೇ ಮಾಡಿ. ರಾತ್ರಿ ಬಸ್ಸು ನಸುಕಿನ ನಾಲ್ಕಕ್ಕೆ ಇಳಿಸುತ್ತದೆ, ಲಾಡ್ಜಿನ ಕೋಣೆ ಸಿಗುವುದು ಮಧ್ಯಾಹ್ನ.

ಟಿಕೆಟ್ ತೆಗೆಯುವಾಗ ಬಸ್ಸು ಎಲ್ಲಿ ಇಳಿಸುತ್ತದೆ ಎಂದು ಖಚಿತಪಡಿಸಿಕೊಳ್ಳಿ. ಹೊಸ ಮಿಯೆನ್ ಡಾಂಗ್ ಬಸ್ ನಿಲ್ದಾಣ ಊರಿಂದ ದೂರ. ಅಲ್ಲಿಗೆ ತಂದು ಬಿಟ್ಟರೆ 2024ರ ಡಿಸೆಂಬರ್ 22ರಂದು ಶುರುವಾದ ಮೆಟ್ರೊ ಒಂದನೇ ಮಾರ್ಗ ಹತ್ತಿರವೇ ಇದೆ, ನೇರ ಬೆನ್ ಥಾನ್ ಮಾರುಕಟ್ಟೆಗೆ ತಲುಪಿಸುತ್ತದೆ. ಮಾರುಕಟ್ಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಟ್ರುವಾಂಗ್ ದಿನ್ ರಸ್ತೆಯಲ್ಲಿ, ತಮಿಳು ವರ್ತಕರು ಕಟ್ಟಿಸಿದ ಮಾರಿಯಮ್ಮನ ಗುಡಿ. ಈಗ ಅಲ್ಲಿ ಊದಿನಕಡ್ಡಿ ಹಚ್ಚುವವರು ಹೆಚ್ಚಾಗಿ ವಿಯೆಟ್ನಾಮರೇ. ಯುದ್ಧಾವಶೇಷ ಸಂಗ್ರಹಾಲಯಕ್ಕೆ ಎರಡು ಗಂಟೆಯಾದರೂ ಬೇಕು. ಯುದ್ಧದಲ್ಲಿ ಅಮೆರಿಕ ಮಾಡಿದ ರಾಸಾಯನಿಕ ಸಿಂಪಡಣೆಯ ಪರಿಣಾಮದ ಚಿತ್ರಗಳಿರುವ ಕೋಣೆಗೆ ಸಣ್ಣ ಮಕ್ಕಳನ್ನು ಕರೆದೊಯ್ಯುವ ಮುನ್ನ ಯೋಚಿಸಿ.

ಉಳಿದ ಡಾಂಗನ್ನು ಹೊರಡುವ ಹಿಂದಿನ ದಿನವೇ ಪೇಟೆಯಲ್ಲಿ ಡಾಲರಿಗೆ ಬದಲಾಯಿಸಿ, ವಿಮಾನ ನಿಲ್ದಾಣದ ಟ್ಯಾಕ್ಸಿಗೆ ಮಾತ್ರ ಉಳಿಸಿಕೊಳ್ಳಿ. ಬೆಂಗಳೂರಿನಲ್ಲಿ ಅದನ್ನು ಕೊಳ್ಳುವವರನ್ನು ಹುಡುಕುವುದು ಕಷ್ಟ.